ಹೈವೇ ಎರಡು ಸಲ ಅಗಲವಾಯಿತು, ರೈಲು ಇನ್ನೂ ಚಿಕ್ಕಜಾಜೂರು ಸುತ್ತುತ್ತಿದೆ

ಚಿತ್ರದುರ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 200 ಕಿ.ಮೀ. ರೈಲಿನಲ್ಲೇ ಹೋಗ್ತೀನಿ ಅಂತ ಹಟ ಹಿಡಿದರೆ ಮೊದಲು ಬೆಂಗಳೂರಿಗೆ ಬೆನ್ನು ಹಾಕಿ, ಮುಖ್ಯ ಮಾರ್ಗ ಸಿಗುವ ಚಿಕ್ಕಜಾಜೂರು ಜಂಕ್ಷನ್ನಿಗೆ ಹೋಗಬೇಕು. ಅಲ್ಲಿಂದ ಬೀರೂರು, ಅರಸೀಕೆರೆ, ತಿಪಟೂರು, ತುಮಕೂರು ಎಲ್ಲ ಸುತ್ತಿಕೊಂಡು ಬೆಂಗಳೂರು ಸೇರುವಷ್ಟರಲ್ಲಿ 300 ಕಿ.ಮೀ. ದಾಟಿರುತ್ತದೆ. ಹೀಗಾಗಿ ದುರ್ಗದವರು ಯಾರೂ ಬೆಂಗಳೂರಿಗೆ ಹೋಗೋಕೆ ರೈಲಿನ ಟೈಮು ನೋಡುವುದಿಲ್ಲ, ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ದಾವಣಗೆರೆಯವರ ಪಾಡು ವಾಸಿ. ಅಲ್ಲಿ ಮುಖ್ಯ ಮಾರ್ಗವೇ ಊರೊಳಗೆ ಹಾದುಹೋಗುತ್ತದೆ, 2023ರ ಜೂನ್‌ನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ಕೂಡ ನಿಲ್ಲುತ್ತಿದೆ. ಆದರೂ ಸುತ್ತು ತಪ್ಪಿಲ್ಲ. ರಸ್ತೆಯಲ್ಲಿ 260ರ ಆಸುಪಾಸು ಇರುವ ದೂರ ರೈಲಿನಲ್ಲಿ 320ಕ್ಕೂ ಜಾಸ್ತಿ.

ಈ ಸುತ್ತು ತಪ್ಪಿಸಲೆಂದೇ ತುಮಕೂರು-ದಾವಣಗೆರೆ ನೇರ ರೈಲು ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು. ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೇಲೆ 191 ಕಿ.ಮೀ. ಮಂಜೂರಾಗಿದ್ದು 2011-12ರ ಬಜೆಟ್‌ನಲ್ಲಿ. ಆಗ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಕಾಲೇಜು ಮುಗಿಸುವ ಹೊತ್ತಾಯಿತು, ದುರ್ಗದಲ್ಲಿ ಹತ್ತಿ ನೇರವಾಗಿ ಬೆಂಗಳೂರಲ್ಲಿ ಇಳಿಯುವ ದಿನ ಇನ್ನೂ ಬಂದಿಲ್ಲ.

ಅದೇ ದಾರಿಯ ಹೈವೇ ಕಥೆ ನೋಡಿ. 1999ರಲ್ಲಿ ವಾಜಪೇಯಿ ಸರ್ಕಾರ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ ನಾಲ್ಕನ್ನೂ ಜೋಡಿಸುವ 5,846 ಕಿ.ಮೀ. ಸುವರ್ಣ ಚತುಷ್ಕೋನ ಯೋಜನೆ ಕೈಗೆತ್ತಿಕೊಂಡಿತು. ಅದರ ಮುಂಬೈ-ಚೆನ್ನೈ ಭಾಗ ನಮ್ಮ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಮೇಲೆಯೇ ಬಂತು. ಎರಡು ಪಥ ಇದ್ದಿದ್ದು ನಾಲ್ಕಾಯಿತು. ಆ ನಾಲ್ಕು ಪಥ ಹಳೆಯದಾಗುವ ಮೊದಲೇ ಆರು ಪಥದ ಕೆಲಸ ಶುರುವಾಯಿತು, ದುರ್ಗಕ್ಕೆ ಹೊಸ ಬೈಪಾಸ್ ಬಂತು. 2010ರಲ್ಲಿ ಹೆದ್ದಾರಿಗಳ ನಂಬರು ಬದಲಾಗಿ ಎನ್‌ಎಚ್ 4 ಅನ್ನೋದು ಎನ್‌ಎಚ್ 48 ಆಯಿತು (ನಮ್ಮ ಕಡೆ ಇವತ್ತಿಗೂ ಎಲ್ಲರ ಬಾಯಲ್ಲೂ ಎನ್‌ಎಚ್ ಫೋರೇ). ಅಂದರೆ ಕಾಲು ಶತಮಾನದಲ್ಲಿ ರಸ್ತೆ ಎರಡು ಸಲ ಅಗಲವಾಯಿತು, ಅದರ ಪಕ್ಕಪಕ್ಕದಲ್ಲೇ ಸಾಗಬೇಕಾದ ಒಂದು ಜೋಡಿ ಹಳಿ ಮಾತ್ರ ಪೂರ್ತಿ ಕೂಡಲಿಲ್ಲ.

ಇದಕ್ಕೆ ನಮ್ಮಲ್ಲಿ ರೆಡಿಮೇಡ್ ಉತ್ತರ ಒಂದಿದೆ. ರಾಜಕಾರಣಿಗಳಿಗೆ ಇಚ್ಛಾಶಕ್ತಿ ಇಲ್ಲ. ಎಲೆಕ್ಷನ್ ಬಂದಾಗಲೆಲ್ಲ ಇದನ್ನೇ ಹೇಳಿ ಹೇಳಿ ಬಾಯಿ ನೋವಾಗಿದೆ. ಅದರಲ್ಲಿ ಸತ್ಯ ಇಲ್ಲವೆಂದಲ್ಲ. ಆದರೆ ಇಚ್ಛಾಶಕ್ತಿ ರಸ್ತೆಗೆ ಎಲ್ಲಿಂದ ಬಂತು? ಅದೇ ಸಂಸದರು, ಅದೇ ಶಾಸಕರು, ಅದೇ ದೆಹಲಿ. ನನಗೆ ಅನ್ನಿಸೋದು, ದೇಶದಲ್ಲಿ ರಸ್ತೆ ಕಟ್ಟುವ ವ್ಯವಸ್ಥೆ ಒಂದು ರೀತಿ, ಹೊಸ ರೈಲು ಮಾರ್ಗ ಕಟ್ಟುವ ವ್ಯವಸ್ಥೆ ಇನ್ನೊಂದು ರೀತಿ ಇದೆ. ಎರಡನೆಯದು ತಡವಾಗುವಂತೆಯೇ ರೂಪುಗೊಂಡಿದೆ. ಯಾರು ಬಂದರೂ ತಡವಾಗುತ್ತದೆ.

ಮೊದಲು ದುಡ್ಡಿನ ವಿಷಯ. ಹೆದ್ದಾರಿಗೆ ದುಡ್ಡು ಬರುವ ದಾರಿ ಹಲವು. ನೀವು ಹಾಕಿಸುವ ಪೆಟ್ರೋಲು, ಡೀಸೆಲ್ ಮೇಲೆ ಸೆಸ್ ಇದೆ. ಅದಕ್ಕಾಗಿ 2000ದಲ್ಲಿ ಕೇಂದ್ರ ರಸ್ತೆ ನಿಧಿ ಕಾಯ್ದೆಯೇ ಬಂತು. 2018ರಲ್ಲಿ ಅದಕ್ಕೆ ಮೂಲಸೌಕರ್ಯ ಅನ್ನೋ ಪದ ಸೇರಿಸಿ ಬೇರೆ ಕಾಮಗಾರಿಗಳಿಗೂ ಪಾಲು ಕೊಟ್ಟರು, ಅದು ಬೇರೆ ಮಾತು. ಅದರ ಮೇಲೆ ಟೋಲ್. ಟೋಲ್ ಬರುತ್ತದೆ ಅನ್ನೋ ಭರವಸೆ ಮೇಲೆ ಖಾಸಗಿ ಕಂಪನಿ ಬಂಡವಾಳ ಹಾಕುತ್ತದೆ, ಬ್ಯಾಂಕು ಸಾಲ ಕೊಡುತ್ತದೆ. ಖಾಸಗಿಯವರು ಹಿಂಜರಿದಾಗ 2016ರಲ್ಲಿ ಇನ್ನೊಂದು ಪದ್ಧತಿ ತಂದರು. ಕಟ್ಟುವಾಗ ಸರ್ಕಾರ ಶೇ 40 ಕೊಡುತ್ತದೆ, ಉಳಿದ ಶೇ 60 ಗುತ್ತಿಗೆದಾರ ಹಾಕಿ ಆಮೇಲೆ 15 ವರ್ಷ ಕಂತಿನಲ್ಲಿ ವಾಪಸ್ ಪಡೆಯುತ್ತಾನೆ. ಇದೂ ಸಾಲದಾದಾಗ ಹೆದ್ದಾರಿ ಪ್ರಾಧಿಕಾರ ತಾನೇ ಸಾಲ ಎತ್ತಿತು. 2022ರ ಹೊತ್ತಿಗೆ ಆ ಸಾಲ ಸುಮಾರು 3.5 ಲಕ್ಷ ಕೋಟಿ ರೂಪಾಯಿ ಮುಟ್ಟಿತ್ತು. ಸರಿಯೋ ತಪ್ಪೋ, ದುಡ್ಡು ಇಲ್ಲ ಅಂತ ಈ ರಸ್ತೆ ನಿಲ್ಲಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಐದು ಕಿ.ಮೀ. ರಸ್ತೆ ಅಗಲ ಮಾಡಿದರೆ ಆ ಐದು ಕಿ.ಮೀ. ಅವತ್ತೇ ಉಪಯೋಗಕ್ಕೆ ಬರುತ್ತದೆ. ಮಧ್ಯೆ ಒಂದು ಸೇತುವೆ ಆಗದೆ ನಿಂತರೂ ಪಕ್ಕದಲ್ಲಿ ಮಣ್ಣು ಹಾಕಿ ಡೈವರ್ಷನ್ ಕೊಟ್ಟು ಗಾಡಿ ಓಡಿಸಬಹುದು. ಆರು ಪಥದ ಹಲವು ಗುತ್ತಿಗೆಗಳಲ್ಲಂತೂ ಕೆಲಸ ಶುರುವಾದ ದಿನದಿಂದಲೇ ಹಳೆಯ ನಾಲ್ಕು ಪಥದ ಮೇಲೆ ಟೋಲ್ ವಸೂಲಿಗೆ ಅವಕಾಶ ಇತ್ತು! ಹಾಗಾದಾಗ ಗುತ್ತಿಗೆದಾರನಿಗೆ ಮೊದಲ ದಿನದಿಂದ ಆದಾಯ, ಸಚಿವರಿಗೆ ಪ್ರತಿ ತುಂಡಿಗೂ ಒಂದು ಉದ್ಘಾಟನೆ. ರೈಲಿಗೆ ಈ ಸೌಕರ್ಯ ಇಲ್ಲ. 191 ಕಿ.ಮೀ.ಯಲ್ಲಿ 190 ಹಳಿ ಹಾಕಿ ಒಂದು ಊರಿನ ಜಮೀನು ಬಾಕಿ ಉಳಿದರೆ ದಾವಣಗೆರೆಯಿಂದ ಬೆಂಗಳೂರಿಗೆ ಒಂದು ರೈಲೂ ಹೋಗದು. ಹಾಕಿದ ದುಡ್ಡಷ್ಟೂ ಮಣ್ಣಿನ ದಿಬ್ಬದ ರೂಪದಲ್ಲಿ ಬಿಸಿಲು ಕಾಯುತ್ತಾ ಕೂರುತ್ತದೆ.

ಇನ್ನು ಜಮೀನು. ಹೆದ್ದಾರಿಗೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಇದೆ, ಕೇಂದ್ರವೇ ಅಧಿಸೂಚನೆ ಹೊರಡಿಸಿ ಭೂಮಿ ತೆಗೆದುಕೊಳ್ಳಬಹುದು. ನಮ್ಮ ರೈಲು ಮಾರ್ಗದ ಒಪ್ಪಂದ ಬೇರೆ. ಕಾಮಗಾರಿ ಖರ್ಚು ಕೇಂದ್ರ ಮತ್ತು ರಾಜ್ಯ ಅರ್ಧ ಅರ್ಧ, ಜಮೀನು ಪೂರ್ತಿ ರಾಜ್ಯದ ಲೆಕ್ಕ. ಕೇಳೋಕೆ ನ್ಯಾಯವಾಗಿದೆ, ಅಲ್ವಾ? ಆದರೆ ಎರಡು ಸರ್ಕಾರ ಸೇರಿ ಮಾಡುವ ಕೆಲಸಕ್ಕೆ ಯಾವ ಸರ್ಕಾರವೂ ಯಜಮಾನ ಅಲ್ಲ. ಜಮೀನು ಬಂದಿಲ್ಲ, ಹೇಗೆ ಟೆಂಡರ್ ಕರೆಯೋದು ಅಂತ ರೈಲ್ವೆ ಕೇಳುತ್ತದೆ. ಪಾಲು ಕೊಟ್ಟಿದ್ದೇವೆ, ಕೆಲಸ ಎಲ್ಲಿ ಅಂತ ರಾಜ್ಯ ಕೇಳುತ್ತದೆ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇರುವುದರಿಂದ ಯಾರನ್ನು ಬೈಯಬೇಕು ಅಂತಲೇ ಗೊತ್ತಾಗದೆ ಜನ ಸುಮ್ಮನಾಗುತ್ತಾರೆ.

ಜಮೀನು ಕೊಡುವ ರೈತನ ಕಡೆಯಿಂದಲೂ ನೋಡಬೇಕು. ಪೇಪರ್‌ನಲ್ಲಿ "ರೈತರ ವಿರೋಧ" ಅಂತ ಒಂದು ಸಾಲು ಬರುತ್ತದೆ. ನೆಲದಲ್ಲಿ ಇರುವ ತೊಡಕು ಬೇರೆ. ನಮ್ಮ ಕಡೆಯ ಎಷ್ಟೋ ಪಹಣಿಗಳಲ್ಲಿ ಇನ್ನೂ ತಾತನ ಹೆಸರೇ ಇದೆ. ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲ, ಪೋಡಿ (ಅಳೆದು ಪಾಲು ಬೇರೆ ಮಾಡುವುದು) ಆಗಿಲ್ಲ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಉಳುತ್ತಿದ್ದಾರೆ. ಬಗರ್ ಹುಕುಂ, ಅಂದರೆ ಮಂಜೂರಾಗದ ಸರ್ಕಾರಿ ಜಮೀನಿನ ಸಾಗುವಳಿ ಆಗಿದ್ದರೆ ಇನ್ನೂ ಕಷ್ಟ. ಇಂಥ ಜಮೀನಿನ ಮಧ್ಯೆ ಹಳಿ ಹೋಗುತ್ತದೆ ಅಂದಾಗ ಪರಿಹಾರದ ಚೆಕ್ಕು ಯಾರ ಹೆಸರಿಗೆ? ಆ ಜಗಳ ಕೋರ್ಟಿಗೆ ಹೋದರೆ ವರ್ಷಗಳು ಉರುಳುತ್ತವೆ. ಇನ್ನೊಂದು ಕಾರಣ, ರಸ್ತೆ ಅಗಲ ಮಾಡುವಾಗ ಅಂಚು ಹೋಗುತ್ತದೆ, ಉಳಿದ ಜಮೀನಿಗೆ ರಸ್ತೆ ಬದಿಯ ಬೆಲೆ ಬರುತ್ತದೆ. ರೈಲು ಹಾಗಲ್ಲ. ಹೊಲವನ್ನು ಎರಡು ಹೋಳು ಮಾಡುತ್ತದೆ. ಆಚೆ ಬದಿಯ ಬೋರ್‌ವೆಲ್‌ಗೂ ಈಚೆ ಬದಿಯ ಅಡಿಕೆ ತೋಟಕ್ಕೂ ಸಂಬಂಧ ಕಡಿಯುತ್ತದೆ. ಹೊಲದ ಮಧ್ಯೆ ಸ್ಟೇಷನ್ ಬರಲ್ಲ, ಬೆಲೆಯೂ ಏರಲ್ಲ. ಅವನು ತಕರಾರು ತೆಗೆದರೆ ಅದು ಅಭಿವೃದ್ಧಿಗೆ ವಿರೋಧ ಹೇಗಾದೀತು?

ಇದು ನಮ್ಮ ಮಾರ್ಗದ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರು-ಹಾಸನ ಮಾರ್ಗ ಮಂಜೂರಾಗಿದ್ದು 1996-97ರಲ್ಲಿ, ಪೂರ್ತಿ ಓಡಿದ್ದು 2017ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ. ಅಲ್ಲಿಯವರೆಗೆ ಹಾಸನದವರೂ ನಮ್ಮ ಹಾಗೆ ಅರಸೀಕೆರೆ ಸುತ್ತುತ್ತಿದ್ದರು. ತುಮಕೂರು-ರಾಯದುರ್ಗ ಮಾರ್ಗ ನಮಗಿಂತ ಮೊದಲು, 2007-08ರಲ್ಲಿ ಮಂಜೂರಾಗಿದ್ದು, ಅದೂ ಕುಂಟುತ್ತಾ ಬಂದಿದೆ. ಹಳೆಯ ಕಾಲದ ರೈಲ್ವೆ ಬಜೆಟ್‌ನ ಅಭ್ಯಾಸವೇ ಹಾಗಿತ್ತು. ಎಲ್ಲ ಸಂಸದರಿಗೂ ಒಂದೊಂದು ಮಾರ್ಗ ಘೋಷಿಸುವುದು, ಪ್ರತಿ ವರ್ಷ ಎಲ್ಲದಕ್ಕೂ ಚೂರು ಚೂರು ದುಡ್ಡು ಇಡುವುದು. ಒಂದು ಬಕೆಟ್ ನೀರನ್ನು ನೂರು ಸಸಿಗೆ ಹನಿಸಿದರೆ ಯಾವುದೂ ಮರ ಆಗಲ್ಲ.

2017ರಲ್ಲಿ ರೈಲ್ವೆ ಬಜೆಟ್ಟನ್ನು ಸಾಮಾನ್ಯ ಬಜೆಟ್ಟಿಗೆ ಸೇರಿಸಿದ ಮೇಲೆ ಪರಿಸ್ಥಿತಿ ಬದಲಾಗಿದೆ, ಅದನ್ನು ಒಪ್ಪಬೇಕು. 2025-26ರ ಬಜೆಟ್‌ನಲ್ಲಿ ರೈಲ್ವೆಗೆ 2.52 ಲಕ್ಷ ಕೋಟಿ, ರಸ್ತೆ ಸಾರಿಗೆ ಸಚಿವಾಲಯಕ್ಕೆ 2.87 ಲಕ್ಷ ಕೋಟಿ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಳತೆಯ ದುಡ್ಡು. ಆದರೆ ರೈಲ್ವೆಯ ಹೊಸ ದುಡ್ಡಿನ ದೊಡ್ಡ ಪಾಲು ಹೋಗುವುದು ಈಗಾಗಲೇ ಇರುವ ಮಾರ್ಗಗಳಿಗೆ. ಜೋಡಿ ಹಳಿ, ವಿದ್ಯುದೀಕರಣ, ಹೊಸ ಬೋಗಿ, ಸುರಕ್ಷತೆಯ ಕೆಲಸಗಳು. ರೈಲ್ವೆಯವರ ತರ್ಕ ನೋಡಿದರೆ ಅದು ಸರಿಯೇ. ಗಾಡಿ ಜಾಸ್ತಿ ಓಡುವ ಕಡೆ ಹಳಿ ಹೆಚ್ಚಿಸಿದರೆ ಮರುದಿನವೇ ಫಲ. ದಾವಣಗೆರೆಗೆ ಇದರ ಲಾಭ ಸಿಕ್ಕಿತು. ಬೆಂಗಳೂರು-ಹುಬ್ಬಳ್ಳಿ ಮಾರ್ಗ ಜೋಡಿ ಹಳಿಯಾಯಿತು, ವಿದ್ಯುತ್ ಬಂತು, ವಂದೇ ಭಾರತ್ ಬಂತು. ದುರ್ಗಕ್ಕೆ, ಹಿರಿಯೂರಿಗೆ, ಶಿರಾಕ್ಕೆ ಏನೂ ಸಿಗಲಿಲ್ಲ, ಯಾಕೆಂದರೆ ಅವು ಆ ಗೆರೆಯ ಮೇಲೆಯೇ ಇಲ್ಲ. 2024ರ ಜೂನ್‌ನಿಂದ ತುಮಕೂರಿನ ಸಂಸದ ವಿ. ಸೋಮಣ್ಣ ಅವರೇ ರೈಲ್ವೆ ರಾಜ್ಯ ಸಚಿವರು. ಹಾಗಾಗಿ ಕೆಲಸಕ್ಕೆ ಒಂದಿಷ್ಟು ವೇಗ ಬಂದಿದೆ. ಒಂದು ಮಾರ್ಗ ಮುಗಿಯಬೇಕಾದರೆ ಅದೇ ಊರಿನವರು ಸಚಿವರಾಗಬೇಕು ಅನ್ನೋದು ವ್ಯವಸ್ಥೆಯ ಬಗ್ಗೆ ಏನು ಹೇಳುತ್ತದೆ ಅಂತ ನೀವೇ ಯೋಚಿಸಿ.

ಸರಿ, ರಸ್ತೆ ಚೆನ್ನಾಗಿದೆಯಲ್ಲ, ರೈಲು ಯಾಕೆ ಬೇಕು? ಬಹಳ ಜನ ಕೇಳುತ್ತಾರೆ. ನಾಲ್ಕು ಗಂಟೆಯಲ್ಲಿ ಬೆಂಗಳೂರು ಮುಟ್ಟುತ್ತೀವಲ್ಲ ಅಂತ. ಮುಟ್ಟುತ್ತೀವಿ, ಕಾರಿದ್ದರೆ. ಆದರೆ ಎಲ್ಲವನ್ನೂ ರಸ್ತೆ ಮೇಲೇ ಹೇರಿದ್ದರ ಬೆಲೆ ಬೇರೆ ಬೇರೆ ಕಡೆ ಹಂಚಿಹೋಗಿರುವುದರಿಂದ ಕಣ್ಣಿಗೆ ಕಾಣುತ್ತಿಲ್ಲ.

ಸಾವಿನ ಲೆಕ್ಕ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಅಂಕಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 61,038 ಜನ ಸತ್ತಿದ್ದು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ದೇಶದ ಒಟ್ಟು ರಸ್ತೆಯಲ್ಲಿ ಈ ಹೆದ್ದಾರಿಗಳ ಉದ್ದ ಶೇ 2ರಷ್ಟು, ಸಾವಿನಲ್ಲಿ ಪಾಲು ಶೇ 36. ಹೆದ್ದಾರಿಯಲ್ಲಿ ವಾಹನ ಜಾಸ್ತಿ, ಒಟ್ಟು ಸಂಚಾರದ ಶೇ 40ರಷ್ಟು ಅಲ್ಲೇ ಓಡುತ್ತದೆ ಅನ್ನೋದು ನಿಜ. ಆದರೆ ಅಗಲವಾದ, ಮಧ್ಯೆ ಡಿವೈಡರ್ ಇರುವ ರಸ್ತೆ ಸುರಕ್ಷಿತವಾಗಿರಬೇಕಿತ್ತು. ಯಾಕಾಗಿಲ್ಲ ಅಂತ ತಿಳಿಯಬೇಕಾದರೆ ಭರಮಸಾಗರ, ಆನಗೋಡು, ಹೆಬ್ಬಾಳು ಕಡೆ ಹೈವೇ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ.

ಈ ರಸ್ತೆಯನ್ನು ಮುಂಬೈಯಿಂದ ಚೆನ್ನೈಗೆ ಹೋಗುವ ಲಾರಿಯ ಕಣ್ಣಲ್ಲಿ ವಿನ್ಯಾಸ ಮಾಡಿದ್ದಾರೆ. ಆಚೆ ಹೊಲಕ್ಕೆ ಎತ್ತಿನ ಗಾಡಿ ಹೊಡೆದುಕೊಂಡು ಹೋಗುವವನ ಕಣ್ಣಲ್ಲಿ ಅಲ್ಲ. ಹಳ್ಳಿ ಒಂದು ಬದಿ, ಹೊಲ ಇನ್ನೊಂದು ಬದಿ, ಶಾಲೆ ಇನ್ನೆಲ್ಲೋ. ಹತ್ತಿರದ ಅಂಡರ್‌ಪಾಸ್‌ಗೆ ದೂರ ಹೋಗಿ ಸುತ್ತಿ ಬರಬೇಕು, ಸರ್ವಿಸ್ ರಸ್ತೆ ಅರ್ಧಕ್ಕೇ ನಿಂತಿದೆ. ಆಗ ಟ್ರ್ಯಾಕ್ಟರ್‌ನವನು ಏನು ಮಾಡುತ್ತಾನೆ? ರಾಂಗ್ ಸೈಡಲ್ಲಿ ಬರುತ್ತಾನೆ. ಬೈಕಿನವನು ಡಿವೈಡರ್ ಒಡೆದ ಕಡೆ ನುಗ್ಗುತ್ತಾನೆ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಬರುವ ಕಾರಿನವನಿಗೆ ಎದುರುಗಡೆಯಿಂದ ಕಬ್ಬಿಣದ ನೇಗಿಲು ಬರುತ್ತದೆ ಅಂತ ಅಂದಾಜೇ ಇರುವುದಿಲ್ಲ. ಜನರಿಗೆ ಶಿಸ್ತಿಲ್ಲ ಅಂತ ಬೈಯುವುದು ಸುಲಭ. ಶಿಸ್ತಾಗಿ ಹೋಗೋಕೆ ದಾರಿ ಎಲ್ಲಿ ಬಿಟ್ಟಿದ್ದಾರೆ? ಸರ್ವಿಸ್ ರಸ್ತೆ, ಅಂಡರ್‌ಪಾಸ್ ಯಾವುದೂ ಟೋಲ್ ತರುವುದಿಲ್ಲ, ಖರ್ಚು ಮಾತ್ರ ತರುತ್ತದೆ. ಕೊನೆಗೆ ಉಳಿಯುವುದು ಅವೇ ಕೆಲಸಗಳು, ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ದುರ್ಗದ ಬೈಪಾಸ್ ಬಂದ ಮೇಲೆ ಕೆಲವು ರಾತ್ರಿ ಬಸ್ಸುಗಳು ಊರೊಳಗೆ ಬಾರದೆ ಹೊರಗೇ ಇಳಿಸಿ ಹೋಗುವ ದೂರು ಕೂಡ ಇದೇ ಜಾತಿಯದು. ಹಾದುಹೋಗುವವರಿಗೆ ಉಳಿದ ಹದಿನೈದು ನಿಮಿಷ, ಇಳಿಯುವವರಿಗೆ ಸರಿರಾತ್ರಿಯಲ್ಲಿ ಆಟೋ ಹುಡುಕಾಟ.

ಇನ್ನೊಂದು ಬೆಲೆ ರಸ್ತೆಯದ್ದೇ. ಭಾರದ ಲಾರಿ ರಸ್ತೆಯನ್ನು ಹಾಳುಮಾಡುವ ಲೆಕ್ಕ ನೇರವಾಗಿ ಏರುವುದಿಲ್ಲ, ಆಕ್ಸಲ್ ಮೇಲಿನ ಭಾರದ ನಾಲ್ಕನೇ ಘಾತದಂತೆ ಏರುತ್ತದೆ ಅಂತ ಎಂಜಿನಿಯರುಗಳು ಹೇಳುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್‌ಗೆ 10.2 ಟನ್ ಇದ್ದ ಮಿತಿಯನ್ನು 11.5 ಟನ್‌ಗೆ ಏರಿಸಿತು. ಭಾರ ಜಾಸ್ತಿಯಾಗಿದ್ದು ಶೇ 13ರಷ್ಟು, ಆ ಲೆಕ್ಕದಲ್ಲಿ ರಸ್ತೆಗೆ ಬೀಳುವ ಪೆಟ್ಟು ಶೇ 60ರಷ್ಟು ಹೆಚ್ಚು! ಇದನ್ನು ನಂಬೋಕೆ ಕಷ್ಟವಾದರೆ ನಮ್ಮ ಕಡೆಯವರು ಗಣಿಗಾರಿಕೆಯ ಕಾಲ ನೆನಪಿಸಿಕೊಳ್ಳಿ. ಹೊಸಪೇಟೆ ಕಡೆಯಿಂದ ಮಂಗಳೂರು ಬಂದರಿಗೆ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಹಳೆಯ ಎನ್‌ಎಚ್ 13 ಯಾವುದು, ಗುಂಡಿ ಯಾವುದು ಅಂತ ಗೊತ್ತಾಗದ ಹಾಗೆ ಮಾಡಿ ಹಾಕಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿ, ಆಮೇಲೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕಿದ ಮೇಲೇ ಆ ರಸ್ತೆ ಉಸಿರಾಡಿದ್ದು. ಹಳಿ ಮೇಲೆ ಹೋಗಬೇಕಾದ ಸರಕನ್ನು ಡಾಂಬರಿನ ಮೇಲೆ ಓಡಿಸಿದರೆ ಏನಾಗುತ್ತದೆ ಅಂತ ಇಡೀ ದೇಶಕ್ಕೆ ತೋರಿಸಿದವರು ನಾವು.

ದೇಶದ ಮಟ್ಟದಲ್ಲೂ ಇದೇ ಕಥೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸರಕಿನ ಬಹುಪಾಲು ರೈಲಿನಲ್ಲಿ ಸಾಗುತ್ತಿತ್ತು. ರಾಷ್ಟ್ರೀಯ ರೈಲು ಯೋಜನೆ ಸಿದ್ಧವಾಗುವ ಹೊತ್ತಿಗೆ ಅದು ಶೇ 27ರ ಆಸುಪಾಸಿಗೆ ಇಳಿದಿತ್ತು. 2030ಕ್ಕೆ ಶೇ 45ಕ್ಕೆ ಏರಿಸುವ ಗುರಿ ಹಾಕಿಕೊಂಡಿದ್ದಾರೆ. ಸರಕಿಗೆಂದೇ ಕಟ್ಟಿದ ಪೂರ್ವ ಕಾರಿಡಾರ್ 1,337 ಕಿ.ಮೀ., ಪಶ್ಚಿಮ ಕಾರಿಡಾರ್ 1,506 ಕಿ.ಮೀ. ಎರಡೂ ಕರ್ನಾಟಕದ ಗಡಿ ಮುಟ್ಟುವುದಿಲ್ಲ. ನಮ್ಮ ಪಾಲಿಗೆ ಆ ಗುರಿ ಅಂದರೆ ಇಂಥ 191 ಕಿ.ಮೀ. ಮಾರ್ಗಗಳೇ.

ಹಾಗಂತ ರೈಲು ಬಂದ ದಿನ ಚಳ್ಳಕೆರೆಯ ಈರುಳ್ಳಿ ಲಾರಿ ಬಿಟ್ಟು ರೈಲು ಹತ್ತುತ್ತದೆ ಅಂತ ನಾನು ಹೇಳುತ್ತಿಲ್ಲ. ಸರಕಿನ ರೈಲಿನ ಒಂದು ರೇಕ್ ಅಂದರೆ ನಲವತ್ತು ಚಿಲ್ಲರೆ ವ್ಯಾಗನ್, ಎರಡೂವರೆ ಸಾವಿರ ಟನ್. ಅಷ್ಟು ಮಾಲು ಒಂದೇ ಊರಿಗೆ, ಒಂದೇ ದಿನ ಕಳಿಸುವ ವ್ಯಾಪಾರಿ ಎಷ್ಟು ಜನ? ಈರುಳ್ಳಿ ಬೆಳೆಗಾರನಿಗೆ ಇವತ್ತು ರಾತ್ರಿ ತುಂಬಿದ ಚೀಲ ನಾಳೆ ಬೆಳಿಗ್ಗೆ ಯಶವಂತಪುರದ ಮಂಡಿಯಲ್ಲಿರಬೇಕು. ಅದನ್ನು ಲಾರಿಯೇ ಮಾಡಬೇಕು, ಮುಂದೆಯೂ ಲಾರಿಯೇ ಮಾಡುತ್ತದೆ. ರೈಲಿಗೆ ಹೋಗಬಹುದಾದದ್ದು ಮೆಕ್ಕೆಜೋಳ, ಗೊಬ್ಬರ, ಸಿಮೆಂಟು, ಅದಿರು. ಭಾರ ಜಾಸ್ತಿ, ಅವಸರ ಕಡಿಮೆ ಇರುವ ಮಾಲು. ಅವು ಹೈವೇ ಬಿಟ್ಟರೆ ಈರುಳ್ಳಿ ಲಾರಿಗೇ ದಾರಿ ಸಲೀಸು. ಪ್ರಯಾಣಿಕರ ವಿಷಯದಲ್ಲಿ ಮಾತ್ರ ಬದಲಾವಣೆ ಕೂಡಲೇ ಕಾಣುತ್ತದೆ. ಹಿರಿಯೂರಿನ ವಿದ್ಯಾರ್ಥಿ, ನಿಮ್ಹಾನ್ಸ್‌ಗೋ ಕಿದ್ವಾಯಿಗೋ ತಿಂಗಳಿಗೊಮ್ಮೆ ಹೋಗುವ ರೋಗಿ, ವಾರಕ್ಕೊಮ್ಮೆ ಊರಿಗೆ ಬರುವ ಗಾರ್ಮೆಂಟ್ಸ್ ಹುಡುಗ, ಇವರಿಗೆ ರೈಲಿನ ಟಿಕೆಟ್ಟು ಬಸ್ಸಿಗಿಂತ ಎಷ್ಟೋ ಅಗ್ಗ.

ಟೋಲ್ ಮಾತು ಬರದಿದ್ದರೆ ಈ ಲೇಖನ ಪೂರ್ತಿಯಾಗದು. ಪ್ರತಿ ಏಪ್ರಿಲ್ 1ಕ್ಕೆ ದರ ಏರುತ್ತದೆ, ಅದು 2008ರ ನಿಯಮದಲ್ಲೇ ಇದೆ. ಶೇ 3 ಖಾಯಂ, ಅದರ ಮೇಲೆ ಸಗಟು ಬೆಲೆ ಏರಿಕೆಯ ಶೇ 40. ರಸ್ತೆಗೆ ಹಾಕಿದ ಬಂಡವಾಳ ವಾಪಸ್ ಬಂದ ಮೇಲೆ ಟೋಲ್ ಶೇ 40ಕ್ಕೆ ಇಳಿಯಬೇಕು ಅಂತಲೂ ಹಿಂದೆ ನಿಯಮ ಇತ್ತು. 2023ರಲ್ಲಿ ಅದನ್ನು ಬದಲಾಯಿಸಿ ಪೂರ್ತಿ ದರವನ್ನೇ ಮುಂದುವರಿಸಲು ದಾರಿ ಮಾಡಿಕೊಂಡರು. ಇದು ದೊಡ್ಡ ಸುದ್ದಿ ಆಗಬೇಕಿತ್ತು, ಆಗಲಿಲ್ಲ. 2025ರ ಆಗಸ್ಟ್ 15ರಿಂದ ಬಂದ 3,000 ರೂಪಾಯಿಯ ವಾರ್ಷಿಕ ಪಾಸ್ ಮಾತ್ರ ಸುದ್ದಿಯಾಯಿತು, ಯಾಕೆಂದರೆ ಅದು ಸ್ವಂತ ಕಾರು, ಜೀಪು ಇರುವವರಿಗೆ. 200 ಸಲ ದಾಟಬಹುದು. ಈರುಳ್ಳಿ ಹೊತ್ತ ಲಾರಿಗೆ ಆ ಪಾಸ್ ಇಲ್ಲ. ಲಾರಿ ಬಾಡಿಗೆಯಲ್ಲಿ ಟೋಲ್ ಸೇರಿರುತ್ತದೆ, ಬಾಡಿಗೆಯನ್ನು ಮಂಡಿಯವರು ರೈತನಿಗೆ ಕೊಡುವ ಲೆಕ್ಕದ ಪಟ್ಟಿಯಲ್ಲಿ ಕಳೆದಿರುತ್ತಾರೆ. ರೈಲು ಅನ್ನೋ ಇನ್ನೊಂದು ದಾರಿ ಇಲ್ಲದ ಕಡೆ ಈ ದರ ಒಪ್ಪದೆ ಬೇರೆ ಗತಿಯಿಲ್ಲ.

ಈಗ ಇನ್ನೊಂದು ರಸ್ತೆಯ ಮಾತು ನಡೆದಿದೆ. ಪುಣೆ-ಬೆಂಗಳೂರು ಎಕ್ಸ್‌ಪ್ರೆಸ್‌ವೇ, ಸುಮಾರು 700 ಕಿ.ಮೀ. ಹಳೆಯ ರಸ್ತೆಯನ್ನು ಅಗಲ ಮಾಡುವುದಲ್ಲ, ಹೊಲಗಳ ಮೇಲೆ ಹೊಚ್ಚ ಹೊಸದಾಗಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳು ಅದರ ನಕ್ಷೆಯಲ್ಲಿವೆ. ರೈಲಿನ ಹಾಗೆ ಇದೂ ಹೊಲ ಸೀಳಿಕೊಂಡೇ ಹೋಗುತ್ತದೆ. ಜೊತೆಗೆ ಕಂಡಕಂಡಲ್ಲಿ ಹತ್ತಲು, ಇಳಿಯಲು ಬಿಡದ ರಸ್ತೆ ಇದು. ಅಂದರೆ ಭರಮಸಾಗರದ ಸಮಸ್ಯೆ ಇನ್ನಷ್ಟು ಹಳ್ಳಿಗಳಿಗೆ ಹಂಚಿಕೆಯಾಗುತ್ತದೆ. ನನ್ನ ಮಟ್ಟಿಗೆ ಇದಕ್ಕೆ ವಿರೋಧ ಇಲ್ಲ, ಸರದಿಯ ಬಗ್ಗೆ ತಕರಾರು ಇದೆ. ಆರು ಪಥದ ಸರ್ವಿಸ್ ರಸ್ತೆ, ಅಂಡರ್‌ಪಾಸ್ ಮೊದಲು ಮುಗಿಯಲಿ. ಆಮೇಲೆ ರೈಲು. ಮೂರನೆಯದು ಎಕ್ಸ್‌ಪ್ರೆಸ್‌ವೇ. ಈಗಿನ ಪದ್ಧತಿಯಲ್ಲಿ ಈ ಸರದಿ ಉಲ್ಟಾ ಆಗುವ ಸಾಧ್ಯತೆಯೇ ಜಾಸ್ತಿ, ಯಾಕೆಂದರೆ ಎಕ್ಸ್‌ಪ್ರೆಸ್‌ವೇಗೆ ಟೋಲ್ ಇದೆ, ಅಂಡರ್‌ಪಾಸ್‌ಗೆ ಇಲ್ಲ.

ನಮ್ಮ ರೈಲು ಎಲ್ಲಿಗೆ ಬಂತು ಅಂತ ತಿಳಿಯೋಕೆ ಭಾಷಣ ಕೇಳಬೇಕಾಗಿಲ್ಲ. ಪ್ರತಿ ಬಜೆಟ್ ನಂತರ ರೈಲ್ವೆಯವರು ಪಿಂಕ್ ಬುಕ್ ಪ್ರಕಟಿಸುತ್ತಾರೆ. ಯಾವ ಮಾರ್ಗಕ್ಕೆ ಆ ವರ್ಷ ಎಷ್ಟು ಕೋಟಿ ಅಂತ ವಲಯವಾರು ಇರುತ್ತದೆ. ನೈಋತ್ಯ ರೈಲ್ವೆಯ ಪುಟ ತೆಗೆದು ತುಮಕೂರು-ಚಿತ್ರದುರ್ಗ-ದಾವಣಗೆರೆ ಸಾಲು ಹುಡುಕಿ. ಈ ವರ್ಷದ ಮೊತ್ತ ಮತ್ತು ಹೋದ ವರ್ಷದ ಮೊತ್ತ ಪಕ್ಕಪಕ್ಕ ಇಟ್ಟು ನೋಡಿ. ಜಮೀನಿನ ಲೆಕ್ಕಕ್ಕೆ ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಗೆ ಒಂದು ಆರ್‌ಟಿಐ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಎಕರೆ ಬೇಕಿತ್ತು, ಎಷ್ಟು ರೈಲ್ವೆಗೆ ಹಸ್ತಾಂತರ ಆಗಿದೆ, ಪರಿಹಾರ ಬಾಕಿ ಎಷ್ಟು. ಈ ಮೂರೇ ಪ್ರಶ್ನೆ ಕೇಳಿ. ಉತ್ತರ ಬಂದರೆ ತಡ ಯಾರ ಕಡೆಯಿಂದ ಅನ್ನೋದು ಕಾಗದದ ಮೇಲೇ ಇರುತ್ತದೆ.